ಬೀಳದ ಚೆಂಡಿನ ಬೆಲೆ

ಜಾನಾ ವಾವ್ರಾ ಆಡುವುದನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಅವಳು ಕಾಣುವುದೇ ಕಡಿಮೆ. ವಾಲಿಬಾಲ್ ತಂಡದಲ್ಲಿ ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲೇ ನಿಲ್ಲುವ ಒಬ್ಬಳಿರುತ್ತಾಳೆ, ಲಿಬೆರೋ ಎನ್ನುತ್ತಾರೆ. ನೆಟ್ಟಿನ ಮೇಲೆ ಹಾರಿ ಹೊಡೆಯುವ ಹಕ್ಕು ಅವಳಿಗಿಲ್ಲ. ಎದುರಿನವರು ಹೊಡೆದದ್ದನ್ನು ನೆಲಕ್ಕೆ ಬೀಳದಂತೆ ಎತ್ತಿಕೊಡುವುದಷ್ಟೇ ಅವಳ ಕೆಲಸ. ಚೆಂಡು ಮೇಲೆದ್ದ ಕ್ಷಣವೇ ಕ್ಯಾಮೆರಾ ಅವಳನ್ನು ಬಿಟ್ಟು, ಮುಂದೆ ಹಾರುತ್ತಿರುವ ಎತ್ತರದ ಹುಡುಗಿಯ ಕಡೆ ತಿರುಗುತ್ತದೆ.

ಅವಳ ಅಪ್ಪ ಲೈಲ್‌ಗೆ ಇದರ ಬಗ್ಗೆ ದೂರೇನೂ ಇರಲಿಲ್ಲ. ಅಮೆರಿಕದ ನೆಬ್ರಾಸ್ಕಾದಲ್ಲಿ ಹೆಣ್ಣುಮಕ್ಕಳ ವಾಲಿಬಾಲ್ ಎಂದರೆ ಊರಿಗೂರೇ ಅಂಗಡಿ ಮುಚ್ಚಿ ನೋಡುವ ಆಟ. ಅಲ್ಲಿನ ವಿಶ್ವವಿದ್ಯಾಲಯದ ಅಂಗಿ ತೊಡಬೇಕೆಂದು ಜಾನಾ ಆರನೇ ವಯಸ್ಸಿನಲ್ಲಿ ಧಾನ್ಯದ ಗೋದಾಮಿನ ಗೋಡೆಗೆ ಚೆಂಡು ಹೊಡೆದು ಹೊಡೆದು ಕಲಿತವಳು. ಹೊಡೆದ ಚೆಂಡನ್ನು ಜನ ಎಣಿಸುತ್ತಾರೆ; ಬೀಳದೇ ಉಳಿದ ಚೆಂಡನ್ನು ಎಣಿಸುವುದು ಕಷ್ಟ ಎಂದು ಲೈಲ್‌ಗೆ ಗೊತ್ತಿತ್ತು. ನಡೆಯದೇ ಹೋದದ್ದನ್ನು ಅಳೆಯುವ ಯಂತ್ರವನ್ನು ಅವನಂತೂ ಕಂಡಿರಲಿಲ್ಲ.

ಯಂತ್ರಗಳ ವಿಷಯ ಅವನಿಗೆ ತಿಳಿಯದ್ದೇನಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ಊರಿನ ಸಹಕಾರಿ ಗೋದಾಮಿನಲ್ಲಿ ಮೆಕ್ಕೆಜೋಳದ ತೇವ ಅಳೆಯುವ ಕೆಲಸಕ್ಕೆ ಸೇರಿದವನು. ಲಾರಿಯಿಂದ ಒಂದು ಹಿಡಿ ಕಾಳು ತೆಗೆದು ಯಂತ್ರಕ್ಕೆ ಸುರಿಯುತ್ತಾನೆ. ತೇವ ಹೆಚ್ಚಿದ್ದರೆ ಬೆಲೆ ಇಳಿಯುತ್ತದೆ. ರೈತರು ಗೊಣಗಿದರೆ, "ನಾನೇನು ಮಾಡ್ಲಿ, ಅದು ತೋರಿಸಿದ್ದನ್ನ ಓದ್ತೀನಿ ಅಷ್ಟೇ" ಎನ್ನುತ್ತಾನೆ. ಅದು ನಿಜವೂ ಹೌದು.

ಜಾನಾಗೆ ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ ಕೊಟ್ಟಿರಲಿಲ್ಲ. ತಂಡಕ್ಕೆ ಸೇರಿಸಿಕೊಂಡಿತ್ತು, ಅಷ್ಟೇ. ಮೂರು ವರ್ಷ ಅಪ್ಪ ಅಮ್ಮ ಶುಲ್ಕ ಕಟ್ಟಿದರು. ನಾಲ್ಕನೆಯ ವರ್ಷಕ್ಕೆ ಮುಂಚೆ ಅವಳಮ್ಮ ಮಾರ್ಸಿ ನರ್ಸಾಗಿದ್ದ ಊರಿನ ಆಸ್ಪತ್ರೆ ಮುಚ್ಚಿತು. ಹೊಸ ಕೆಲಸ ಅರ್ಧ ಸಂಬಳದ್ದು. ಜಾನಾ ಆಟ ಬಿಡಬೇಕು, ಇಲ್ಲವೇ ವಿದ್ಯಾರ್ಥಿವೇತನ ಕೊಡುವ ಬೇರೆ ಕಡೆಗೆ ಹೋಗಬೇಕು ಎಂಬಲ್ಲಿಗೆ ಮಾತು ಬಂದು ನಿಂತಿತ್ತು.

ಆಗ ಡ್ವೇನ್ ಶಿಮೆಕ್ ಗೋದಾಮಿಗೆ ಬಂದ. ಡ್ವೇನ್‌ದು ರೈತರ ಬೂಟು, ಕೈಗವಸು, ಹೊಲದ ಸಾಮಾನಿನ ದೊಡ್ಡ ಅಂಗಡಿ. ಲೈಲ್‌ನ ಶಾಲೆಯ ಜೊತೆಗಾರ.

"ಏನೋ ಲೈಲ್, ನಿನ್ನ ಮಗಳ ಕಾಲಿನ ಅಳತೆ ಎಷ್ಟೋ?"

"ಯಾಕೆ, ಬೂಟು ಪುಕ್ಕಟೆ ಕೊಡೋಕೆ ಹೊರಟ್ಯಾ? ನಿಮ್ಮಪ್ಪ ಗೋರಿಯಿಂದ ಎದ್ದು ಬಂದು ಹೊಡೀತಾನೆ."

"ಪುಕ್ಕಟೆ ಏನಿಲ್ಲ. ಹಾಕ್ಕೊಂಡು ಫೋಟೋಗೆ ನಿಲ್ಲಲಿ. ಜಾಹೀರಾತು. ಈಗ ಕಾನೂನೇ ಬಿಟ್ಟಿದೆಯಲ್ಲ, ಆಟದ ಮಕ್ಕಳು ಹೆಸರು ಮಾರ್ಕೊಬಹುದು ಅಂತ. ವರ್ಷಕ್ಕೆ ಮೂವತ್ತೆರಡು ಸಾವಿರ ಡಾಲರ್."

ಅದು ಹೆಚ್ಚುಕಡಿಮೆ ಒಂದು ವರ್ಷದ ಶುಲ್ಕ, ವಾಸ, ಊಟ. ಡ್ವೇನ್ ಕೇಳಿ ತಿಳಿದುಕೊಂಡೇ ಬಂದಿದ್ದ. ಲೈಲ್ ಕೈಯಲ್ಲಿದ್ದ ಕಾಳನ್ನು ಮತ್ತೆ ಡಬ್ಬಿಗೆ ಸುರಿದು, "ಕಾಫಿ ಕುಡೀತೀಯಾ" ಎಂದ.

ಅಂಥ ಒಪ್ಪಂದಗಳನ್ನು ಪರೀಕ್ಷಿಸುವ ಕಚೇರಿಯೊಂದಿದೆ. ಜಾಹೀರಾತಿನ ಹೆಸರಿನಲ್ಲಿ ಅಭಿಮಾನಿಗಳು ಆಟಗಾರರನ್ನು ಕೊಳ್ಳಬಾರದು ಎಂಬುದು ಅದರ ಕಾಳಜಿ. ವಿಶ್ವವಿದ್ಯಾಲಯದ ಪರವಾಗಿ ಆ ಕಚೇರಿಯೊಡನೆ ವ್ಯವಹರಿಸುವ ರೆನೇ ಓಲ್ಟ್‌ಮನ್ ಎಂಬಾಕೆ ಲೈಲ್‌ಗೆ ಫೋನ್ ಮಾಡಿದಳು. ಮೃದು ದನಿಯ ಹೆಂಗಸು.

"ವಾವ್ರಾ ಅವರೇ, ಅವರ ಲೆಕ್ಕದಲ್ಲಿ ಜಾನಾಳ ಮಾರುಕಟ್ಟೆ ಬೆಲೆ ಎರಡು ಸಾವಿರದ ಒಂಬೈನೂರು ಬರ್ತಿದೆ."

"ಯಾವುದರ ಮೇಲೆ ಬರ್ತಿದೆ?"

"ಫೋನಲ್ಲಿ ಎಷ್ಟು ಜನ ಅವಳನ್ನ ನೋಡ್ತಾರೆ, ಯಾವ ಜಾಗದಲ್ಲಿ ಆಡ್ತಾಳೆ, ಅವಳ ಥರದವರಿಗೆ ಹಿಂದೆ ಎಷ್ಟು ಸಿಕ್ಕಿದೆ, ಅಂಗಡಿ ಇರೋ ಊರು ಎಷ್ಟು ದೊಡ್ಡದು. ಇಂಥವೇ."

"ಎತ್ತಿದ ಚೆಂಡುಗಳು?"

"ಅದೂ ಎಲ್ಲೋ ಸೇರಿರುತ್ತೆ ಅನ್ಸುತ್ತೆ. ನನಗೆ ಖಚಿತ ಇಲ್ಲ ಸಾರ್. ಆದರೆ ಅಂಗಡಿಯವರು ತಮಗೆ ಇದರಿಂದ ನಿಜವಾಗಲೂ ಲಾಭ ಇದೆ ಅಂತ ತೋರಿಸಿದರೆ ಮತ್ತೆ ನೋಡ್ತಾರೆ."

ಡ್ವೇನ್ ತೋರಿಸಿದ. ಜಾನಾಳ ಒಂದು ಚಿತ್ರ ಕಿಟಕಿಯಲ್ಲಿ ಹಾಕಿದಂದಿನಿಂದ ಹುಡುಗಿಯರ ಬೂಟು ಎರಡು ಪಟ್ಟು ಹೋಗುತ್ತಿತ್ತು. ಆ ವಿವರವನ್ನೆಲ್ಲ ಕಳಿಸಿದ. ಕಚೇರಿಯಿಂದ ಪ್ರಶ್ನೆ ಬಂತು, ಉತ್ತರ ಹೋಯಿತು, ಇನ್ನೊಂದು ಪ್ರಶ್ನೆ ಬಂತು. ಮಾರ್ಚ್ ಕೊನೆಯ ಹೊತ್ತಿಗೆ ರೆನೇ, "ಒಪ್ಪೋ ಹಾಗೆ ಕಾಣ್ತಿದೆ. ಈಸ್ಟರ್ ಕಳೀಲಿ" ಎಂದಳು.

ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಊರು ಮಾಂಸ ಮುಟ್ಟುವುದಿಲ್ಲ. ಚರ್ಚಿನ ಹಾಲ್‌ನಲ್ಲಿ ಎಲ್ಲರಿಗೂ ಕರಿದ ಮೀನಿನ ಊಟ. ಊಟದ ನಡುವೆ ಮೈಕು ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಆ ವಾರ ಯಾರಿಂದ ಉಪಕಾರವಾಗಿದೆಯೋ ಅವರನ್ನು ಹೆಸರು ಹೇಳಿ, ಎದ್ದು ನಿಂತು ನೆನೆಯಬೇಕು. ಹಿಮ ಸರಿಸಿಕೊಟ್ಟವರಿಗೆ, ಬಾಣಂತಿಯ ಮನೆಗೆ ಅಡಿಗೆ ಕಳಿಸಿದವರಿಗೆ, ಎಲ್ಲರಿಗೂ. ಪಡೆದು ಸುಮ್ಮನಿದ್ದವರನ್ನು ಊರು ಮರೆಯುವುದಿಲ್ಲ. ಒಮ್ಮೆ ಒಬ್ಬ ಹೊಸ ಪಶುವೈದ್ಯ ಹಾಗೆ ಕುಳಿತೇ ಇದ್ದನೆಂದು ಅವನ ಹತ್ತಿರ ಹಸು ಒಯ್ಯುವುದನ್ನೇ ಜನ ಬಿಟ್ಟಿದ್ದರು.

ಮೈಕು ಲೈಲ್‌ನ ಮೇಜಿಗೆ ಬಂತು. ಎದುರು ಮೇಜಿನಲ್ಲಿ ಡ್ವೇನ್ ಮೀನಿನ ಮುಳ್ಳು ತೆಗೆಯುತ್ತಿದ್ದ. ಲೈಲ್ ಎದ್ದ.

"ಡ್ವೇನ್ ಶಿಮೆಕ್ ನಮಗೆ ಮಾಡಿದ್ದನ್ನ ನಾವು ಯಾವತ್ತೂ ತೀರಿಸೋಕಾಗಲ್ಲ. ನಮ್ಮ ಜಾನಾ ಬೇರೆ ಕಡೆ ಹೋಗಬೇಕಾಗಿತ್ತು. ಅವಳು ಇಲ್ಲೇ ಇರಲಿ, ಇಲ್ಲೇ ಆಡಲಿ ಅಂತ ಅವನು ದುಡ್ಡು ಕೊಡ್ತಿದ್ದಾನೆ. ಬೂಟು ಗೀಟು ಎಲ್ಲ ನೆಪ. ಅವನ ಮನಸ್ಸು ದೊಡ್ಡದು."

ಹಾಲ್ ಇಡೀ ಚಪ್ಪಾಳೆ ತಟ್ಟಿತು. ಡ್ವೇನ್ ಕಿವಿಯವರೆಗೆ ಕೆಂಪಾಗಿ, "ಕೂತ್ಕೊಳ್ಳೋ, ಮೀನು ಆರುತ್ತೆ" ಎಂದ. ಮಾರ್ಸಿ ಗಂಡನ ತೋಳು ಹಿಡಿದು ಕೂರಿಸಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಅಲ್ಲಿ ಕುಳಿತಿದ್ದವರಲ್ಲಿ ಒಬ್ಬರಿಗೂ ಏನೋ ತಪ್ಪಾಯಿತೆಂದು ಅನಿಸಲಿಲ್ಲ.

ಮನೆ ಬಿಟ್ಟು ಬರಲಾಗದ ವೃದ್ಧರು ನೋಡಲೆಂದು ಚರ್ಚಿನವರು ಆ ಸಂಜೆಗಳನ್ನು ಫೋನಿನಲ್ಲಿ ನೇರವಾಗಿ ತೋರಿಸುತ್ತಿದ್ದರು. ಆ ತುಣುಕನ್ನು ಬೇರೆ ತಂಡದ ಅಭಿಮಾನಿಯೊಬ್ಬ ಎತ್ತಿ ಊರೂರಿಗೆ ಹಂಚಿದ. ಈಸ್ಟರ್ ಕಳೆದ ಮೇಲೆ ರೆನೇಯ ಫೋನ್ ಬಂತು.

"ವಾವ್ರಾ ಅವರೇ, ಬೂಟು ನೆಪ ಅಂತ ನೀವು ಹೇಳಿದ್ದು ನಿಜಾನಾ?"

ಲೈಲ್ ಗೋದಾಮಿನ ಬಾಗಿಲು ಮುಚ್ಚಿದ. "ಹೇಳಿದೆ. ಅದು... ಅಲ್ಲಿ ಹಾಗೆ ಹೇಳೋದು ವಾಡಿಕೆ. ಉಪಕಾರ ನೆನೆಯೋದು."

"ನನಗೆ ಅರ್ಥ ಆಗುತ್ತೆ. ನಮ್ಮಮ್ಮನ ಊರಲ್ಲೂ ಹಾಗೇನೇ. ಆದರೆ ಆಡಿಸೋಕೆ ದುಡ್ಡು ಕೊಡೋ ಹಾಗಿಲ್ಲ. ಜಾಹೀರಾತಿಗೆ ಮಾತ್ರ. ಅವರು ಒಪ್ಪಂದ ತಿರಸ್ಕರಿಸಿದ್ದಾರೆ."

"ಅದು ಹಾಗಲ್ಲ ಅಂತ ನಾನು ಬರೆದುಕೊಟ್ಟರೆ?"

ರೆನೇ ಕೇಳಿದಳು: "ಹಾಗಲ್ವಾ ಸಾರ್?"

ಡ್ವೇನ್‌ಗೆ ಬೂಟಿನಿಂದ ಲಾಭವಾಗಿದ್ದು ಸತ್ಯ. ಜಾನಾ ಇಲ್ಲೇ ಇರಲೆಂದು ಅವನು ಕೊಟ್ಟದ್ದೂ ಸತ್ಯ. ಎರಡರಲ್ಲಿ ಒಂದೇ ಇರಬೇಕೆಂದು ಅವರು ಕೇಳುತ್ತಿದ್ದರು; ಹಾಗೆ ಬೇರ್ಪಡಿಸಲು ಲೈಲ್‌ಗೆ ಬರಲಿಲ್ಲ. ಮುಂದೇನು ಮಾಡಬಹುದೆಂದು ಕೇಳಿದ. "ನಾನೇನು ಮಾಡಲಿ ಹೇಳಿ, ನಿರ್ಧಾರ ನನ್ನದಲ್ಲ" ಎಂದಳು ಆಕೆ, ನಿಜವಾದ ದುಃಖದಿಂದ. ಎಷ್ಟೋ ರೈತರ ಮುಂದೆ ತಾನೂ ಹೀಗೇ ನಿಂತಿದ್ದೇನೆ ಎಂದು ಲೈಲ್‌ಗೆ ಆಗ ಹೊಳೆಯಿತು. ಆ ರೈತರು ಗೊಣಗಿದ್ದು ಯಂತ್ರದ ಮೇಲಿನ ಅನುಮಾನದಿಂದ ಇರಲಿಕ್ಕಿಲ್ಲ, ಎದುರಿಗಿದ್ದವನು ಹೊಣೆ ಹೊರಲಿಲ್ಲವೆಂದು ಇರಬೇಕು.

ಡ್ವೇನ್ ಸಿಟ್ಟಾಗಲಿಲ್ಲ, ಅದೇ ಲೈಲ್‌ಗೆ ಹೆಚ್ಚು ಕಷ್ಟವಾಯಿತು. "ನಾನೇ ಅವಳ ಶುಲ್ಕ ಸುಮ್ಮನೆ ಕಟ್ಟಿಬಿಡ್ತೀನಿ ಬಿಡು" ಎಂದ.

"ಹಾಗೆ ಮಾಡಿದ್ರೆ ಅವಳು ಆಡೋ ಹಾಗೇ ಇಲ್ವಂತೆ. ಕೇಳಿದೆ."

"ಕಮ್ಮಿ ದುಡ್ಡಿಗೆ ಇನ್ನೊಂದ್ಸಲ ಬರೆಯೋಣ?"

"ನಿನ್ನ ಹೆಸರು ಬಂದರೆ ಸಾಕು, ಇನ್ನು ನಂಬಲ್ವಂತೆ."

ಡ್ವೇನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ನನ್ನ ದುಡ್ಡು, ನನ್ನ ಅಂಗಡಿ, ನಿನ್ನ ಮಗಳು. ಇದರಲ್ಲಿ ಅವರು ಯಾರೋ?"

ಲೈಲ್‌ಗೆ ಅದೂ ಸರಿಯೆನಿಸಲಿಲ್ಲ. ಕಾವಲಿಲ್ಲದಿದ್ದರೆ ದೊಡ್ಡ ಊರುಗಳ ದುಡ್ಡು ತಂಡಗಳನ್ನೇ ಗುಡಿಸಿಕೊಂಡು ಹೋಗುತ್ತದೆ ಎಂಬುದು ಅವನಿಗೆ ಗೊತ್ತು. ಬೈಯಲು ಒಬ್ಬರು ಸಿಕ್ಕಿದ್ದರೆ ಹಗುರವಾಗುತ್ತಿತ್ತು.

ಮೂರನೆಯ ದಿನ ಮನೆಯಲ್ಲಿ ಮಾರ್ಸಿ ತಟ್ಟೆ ತೊಳೆಯುತ್ತ, "ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನಗೆ ಒಂದು ಒಳ್ಳೆ ಮಾತು ಹೇಳಬೇಕಾದ್ರೂ ಉಗುಳು ನುಂಗೋ ಮನುಷ್ಯ," ಎಂದಳು. "ಅವತ್ತೊಂದು ದಿನ ಬಾಯಿ ಬಂತಲ್ಲ ನಿಮಗೆ." ಆಮೇಲೆ ಒದ್ದೆ ಕೈಯಲ್ಲೇ ಅವನ ಭುಜ ಹಿಡಿದುಕೊಂಡು ನಿಂತಳು. "ನನಗೆ ಮೈಕ್ ಬಂದಿದ್ರೆ ನಾನೂ ಅದನ್ನೇ ಹೇಳ್ತಿದ್ದೆ."

ತಂಡ ಬದಲಿಸುವವರು ಹೆಸರು ಕೊಡಲು ಮೇ ತಿಂಗಳಲ್ಲಿ ಕೆಲವು ದಿನ ಅವಕಾಶವಿರುತ್ತದೆ. ಜಾನಾ ಹೆಸರು ಕೊಟ್ಟಳು. ಫ್ಲಾರಿಡಾದ ಒಂದು ವಿಶ್ವವಿದ್ಯಾಲಯದ ಕೋಚ್ ಮರುದಿನವೇ ಫೋನ್ ಮಾಡಿದ. ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು ಮೂವರೂ ಸುತ್ತ ಕುಳಿತರು. ವಿದ್ಯಾರ್ಥಿವೇತನ ಕೊಡುತ್ತೇವೆ ಎಂದ ಕೋಚ್. ಜೊತೆಗೆ ಅಲ್ಲಿನ ಒಂದು ಹಾಸಿಗೆ ಕಂಪನಿ ಜಾಹೀರಾತಿಗೆ ಸಿದ್ಧವಿದೆ, ಇಪ್ಪತ್ತಾರು ಸಾವಿರ.

"ಅದನ್ನ ಒಪ್ತಾರಾ?" ಎಂದು ಜಾನಾ ಕೇಳಿದಳು.

"ಆರಾಮಾಗಿ. ಅಂದಾಜು ಲೆಕ್ಕ ಹಾಕಿಸಿದೀವಿ. ನಿನ್ನ ಬೆಲೆ ಅಷ್ಟಿದೆಯಮ್ಮ."

ಲೈಲ್ ಮುಂದಕ್ಕೆ ಬಾಗಿದ. "ಇಲ್ಲಿ ಎರಡು ಸಾವಿರದ ಒಂಬೈನೂರು ಅಂದಿದ್ರು. ಹುಡುಗಿ ಅವಳೇ."

ಕೋಚ್ ಸ್ನೇಹದಿಂದಲೇ ನಕ್ಕ. "ಹುಡುಗಿ ಅವಳೇ ಸಾರ್. ಮಾರುಕಟ್ಟೆ ಬೇರೆ. ಇಲ್ಲಿ ಕಂಪನಿ ದೊಡ್ಡದು, ನೋಡೋ ಜನ ಜಾಸ್ತಿ. ಯಾಕೆ, ತಪ್ಪೇನಾದರೂ ಇದೆಯಾ ಅದರಲ್ಲಿ?"

ಲೈಲ್ ಮನಸ್ಸಿನಲ್ಲೇ ಹುಡುಕಿದ. ಒಂದೊಂದೇ ಹೆಜ್ಜೆ ಹಿಂದೆ ಹೋಗಿ ನೋಡಿದ. ಲೆಕ್ಕದಲ್ಲಿ ತಪ್ಪಿರಲಿಲ್ಲ. "ಇಲ್ಲ," ಎಂದ.

ಫೋನಿಟ್ಟ ಮೇಲೆ ಯಾರೂ ಏಳಲಿಲ್ಲ. ಜಾನಾ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚೆಂಡು ತಾಗಿ ತಾಗಿ ಅವಳ ಚರ್ಮ ಕೆಂಪಾಗಿತ್ತು.

"ಅಪ್ಪ, ನಾನು ಅಲ್ಲಿ ಆಡ್ತೀನಿ. ಆಟ ಅದೇ ತಾನೇ?"

"ಅದೇ."

"ನೀನು ಅವತ್ತು ಹೇಳಿದ್ದಕ್ಕೆ ನನಗೇನೂ ಬೇಜಾರಿಲ್ಲ. ಹೇಳದೇ ಕೂತಿದ್ರೆ ಡ್ವೇನ್ ಅಂಕಲ್ ಮುಖ ನಾವು ನೋಡೋಕಾಗ್ತಿತ್ತಾ?"

ಅವನಿಗೆ ಹೇಳಬೇಕಾದ ಮಾತು ಬಹಳವಿತ್ತು. ಹೋಗಬೇಡ ಎಂದರೆ ಅವಳು ನಿಂತುಬಿಡುತ್ತಿದ್ದಳು, ಆಟ ಬಿಟ್ಟು. ಹೋಗು ಎಂದರೆ ತಾನೇ ಕಳಿಸಿದಂತೆ. ಯಾವ ಮಾತು ಎಲ್ಲಿ ಹೋಗಿ ಏನನ್ನು ಕೆಡಿಸುತ್ತದೋ ಎಂಬ ಅಂಜಿಕೆ ಆಗಲೇ ಅವನಲ್ಲಿ ಬೇರೂರಿತ್ತು.

"ನಿನ್ನ ಕಾರಿನ ಎಣ್ಣೆ ನೋಡಿ ಬರ್ತೀನಿ," ಎಂದು ಎದ್ದ.

"ಹೋಗೋದು ಆಗಸ್ಟ್‌ನಲ್ಲಪ್ಪ."

"ನೋಡಿದ್ರೆ ತಪ್ಪೇನು. ದೂರದ ದಾರಿ."

ಅವನು ಅಂಗಳಕ್ಕೆ ಹೋಗಿ ಕಾರಿನ ಮುಂಭಾಗದ ಮುಚ್ಚಳ ಎತ್ತಿದ. ಅಡುಗೆಮನೆಯ ಕಿಟಕಿಯಿಂದ ತಾಯಿ ಮಗಳು ನೋಡುತ್ತಿದ್ದರು. ಎಣ್ಣೆ ಅಳೆಯುವ ಕಡ್ಡಿ ಹೊರಗೆಳೆದ. ಎಣ್ಣೆ ಬೇಕಾದಷ್ಟಿತ್ತು. ಒರೆಸಿ, ಮತ್ತೆ ಅದ್ದಿ, ಮತ್ತೆ ಎತ್ತಿ ನೋಡಿದ. ಸರಿಪಡಿಸಲು ಅಲ್ಲಿಯೂ ಏನೂ ಇರಲಿಲ್ಲ.