ಟೀಚರಮ್ಮನ ಒಂದೇ ಮಾತು

“ವೈ!” ಎಂದಳು ಹಾಸಿಗೆಯ ಮೇಲಿದ್ದ ಟೀಚರಮ್ಮ. ಅವಳ ಗಂಡ ಮೆಕ್ಯಾನಿಕ್ ತಿರುಗಿಯೂ ನೋಡದೆ ಕಿಟಕಿಯ ಪರದೆ ಎಳೆದ. ಮುಖದ ಮೇಲೆ ಬಿದ್ದಿದ್ದ ಬಿಸಿಲು ಸರಿಯಿತು. ಅವಳು ಸುಮ್ಮನಾದಳು.

“ನೋಡಿದ್ಯಾ?” ಎಂದ ಮಗಳಿಗೆ. “ಹಿಂಗೆ ಸಿಡುಕಿದ್ರೆ ಬಿಸಿಲು. ರಾಗ ಎಳೆದ್ರೆ ಮಗ್ಗುಲು ಬದಲಾಯಿಸ್ಬೇಕು. ಒಂದರ ಹಿಂದೆ ಒಂದು ಎರಡು ಸಲ ಅಂದ್ಲೋ, ಓಡಿ ಬೆಡ್‌ಪ್ಯಾನ್ ತರ್ಬೇಕು. ತಡ ಮಾಡಿದ್ರೆ ನಮ್ಮ ಗ್ರಹಚಾರ.”

ಮಗಳು ನಗಲಿಲ್ಲ. ಬೆಳಗಿನ ಬಸ್ಸಿಗೆ ಬಂದಿದ್ದವಳು ಅಮ್ಮನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಬಲಗೈ, ಬಲಗಾಲು ಹೋದವು; ಜೊತೆಗೆ ಮಾತೂ ಹೋಯಿತು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳ ಬಾಯಲ್ಲಿ ಉಳಿದದ್ದು ಅದೊಂದೇ ಪದ. ಮಕ್ಕಳು ಬರೀ ಉತ್ತರ ಹೇಳಿದರೆ ಅವಳಿಗೆ ಸಾಲುತ್ತಿರಲಿಲ್ಲ, “ವೈ?” ಎನ್ನುತ್ತಿದ್ದಳು, ಯಾಕೆ ಅಂತ ಹೇಳಬೇಕಿತ್ತು. ತಡವಾಗಿ ಮನೆಗೆ ಬಂದ ಗಂಡನಿಗೂ ಅದೇ ಪ್ರಶ್ನೆ. “ನಾನೇನು ನಿನ್ನ ಸ್ಟೂಡೆಂಟಾ?” ಎಂದು ಅವನು ರೇಗುತ್ತಿದ್ದ.

ಈಗ ಅದು ಮಾತಲ್ಲ, ಬರೀ ಸದ್ದು ಎಂದಿದ್ದರು ಡಾಕ್ಟರು. ಸದ್ದಾದರೆ ಇನ್ನೂ ಒಳ್ಳೆಯದಾಯಿತು. ಶೆಡ್ಡಿನಲ್ಲಿ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದವನು ಹೆಂಡತಿಯ ಪಕ್ಕ ಕಿವಿಗೊಟ್ಟು ಕೂತ. ವಾರದೊಳಗೆ ಹಸಿವು ಗೊತ್ತಾಯಿತು, ತಿಂಗಳೊಳಗೆ ನೋವು. ಇಷ್ಟು ವರ್ಷ ಸಂಸಾರ ಮಾಡಿಯೂ ಅವಳ ಮಾತನ್ನು ಹೀಗೆ ಮನಸ್ಸಿಟ್ಟು ಕೇಳಿರಲಿಲ್ಲವಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ಆದರೆ ಕಿವಿಯೊಂದು ಚುರುಕಾಗಿದ್ದರೆ ಸಾಕೇ? ಹೋದ ವಾರ ಬಚ್ಚಲಿನಿಂದ ಅವಳನ್ನು ಎತ್ತಿ ತರುವಾಗ ಸೊಂಟ ಕೈಕೊಟ್ಟು ಇಬ್ಬರೂ ಬಿದ್ದರು. ಪಕ್ಕದ ಮನೆಯವರು ಬಾಗಿಲು ಒಡೆದು ಬರುವವರೆಗೆ ಒಂದು ಗಂಟೆ ಒದ್ದೆ ನೆಲದ ಮೇಲೇ ಬಿದ್ದಿದ್ದರು. ಆಮೇಲೆ ಮಗಳು ಅಲ್ಲಿ ಇಲ್ಲಿ ವಿಚಾರಿಸಿ, ಇಂಥವರನ್ನು ನೋಡಿಕೊಳ್ಳುವ ಒಂದು ಕೇಂದ್ರದಲ್ಲಿ ಹಾಸಿಗೆ ಗೊತ್ತುಮಾಡಿದಳು. ಇವನು ಹೂಂ ಅಂದ.

“ಅಲ್ಲಿಯವರಿಗೂ ಇದನ್ನೆಲ್ಲ ಹೇಳಿಕೊಡ್ತೀನಿ,” ಎಂದ ಈಗ.

“ಅಪ್ಪಾ, ಅಲ್ಲಿ ನಲವತ್ತು ಜನ ಇದಾರೆ. ನರ್ಸು ಇಬ್ಬರೇ.” ಮಗಳು ಚೀಲದ ಬಾಯಿ ಕಟ್ಟಿದಳು. “ಗಾಡಿ ಬಂತೇನೋ ನೋಡ್ತೀನಿ” ಎಂದು ಚೀಲ ಎತ್ತಿಕೊಂಡು ಹೊರಗೆ ಹೋದಳು.

ಅವನು ಹೆಂಡತಿಯನ್ನು ಎಬ್ಬಿಸಿ ಕೂರಿಸಿ ಸ್ವೆಟರ್ ತಂದ. ಸ್ವಾಧೀನವಿಲ್ಲದ ಕೈಯನ್ನೇ ಮೊದಲು ತೂರಿಸಬೇಕು, ಆಸ್ಪತ್ರೆಯಲ್ಲಿ ಕಲಿತದ್ದು. ಬಲಗೈ ತೂರಿಸಿ ತೋಳನ್ನು ಭುಜಕ್ಕೆ ಏರಿಸುವಾಗ ಅವಳ ಕಣ್ಣು ಖಾಲಿಯಾದ ಬೀರುವಿನ ಮೇಲೆ ನಿಂತಿತ್ತು.

“ವೈ?”

ಸಿಡುಕೂ ಇರಲಿಲ್ಲ, ರಾಗವೂ ಇರಲಿಲ್ಲ. ಅವನು ದಿಂಬು ಸರಿಮಾಡಿದ. ನೀರಿನ ಲೋಟ ತುಟಿಗೆ ಹಿಡಿದ. ಅವಳು ಬಾಯಿ ತೆರೆಯಲಿಲ್ಲ, ಅವನನ್ನೇ ನೋಡುತ್ತಿದ್ದಳು. ಇದು ನೀರಿಗಲ್ಲ ಎಂದು ಲೋಟ ಎತ್ತಿಕೊಳ್ಳುವ ಮೊದಲೇ ಅವನಿಗೆ ತಿಳಿದಿತ್ತು.

“ನನ್ನ ಕೈಲಿ ಆಗ್ತಿಲ್ಲ ಕಣೇ,” ಎಂದ. “ಇನ್ನೊಂದ್ಸಲ ನಿನ್ನ ಬೀಳಿಸಿಬಿಟ್ರೆ... ನಂಗೆ ಭಯ ಆಗತ್ತೆ.” ಅಳು ಒತ್ತರಿಸಿಕೊಂಡು ಬಂತು. ತಡೆಯಲು ಹೋಗಲಿಲ್ಲ.

ಅವಳು ಮತ್ತೆ ಕೇಳಲಿಲ್ಲ. ಹೊರಗೆ ಗಾಡಿ ಬಂದು ನಿಂತಿತು. ಸ್ವೆಟರಿನ ಇನ್ನೊಂದು ತೋಳು ಬೆನ್ನ ಹಿಂದೆ ಜೋತುಬಿದ್ದಿತ್ತು. ಅವಳು ಎಡಗೈಯನ್ನು ಮೆಲ್ಲಗೆ ಹಿಂದಕ್ಕೆ ಚಾಚಿ, ತಾನೇ ಅದನ್ನು ತಡಕತೊಡಗಿದಳು.