ಗ್ಯಾನಮ್ಮತ್ತೆ ಹಿಡಿದ ಹತ್ತು ದಿನ

ಮಸ್ಕಿಯ ಬ್ಯಾಂಕಿನಲ್ಲಿ ಗುಮಾಸ್ತನಾದ ಭೀಮೇಶ ಮಗಳಿಗೆ ಒಂದೇ ಮಾತು ಕೊಟ್ಟಿದ್ದ: ಪರೀಕ್ಷೆ ಮುಂದಿದ್ದಾಗ ಮನೆಯಲ್ಲಿ ಗಂಡಿನ ಸುದ್ದಿ ಎತ್ತುವಂತಿಲ್ಲ. ಅನುಪಮಾ ಎಂಸಿಎ ಓದಲು ಟ್ರೈಮೆಸ್ಟರ್ ಇರುವ ವಿಶ್ವವಿದ್ಯಾಲಯವನ್ನೇ ಹುಡುಕಿದ್ದು ಅದಕ್ಕೆ. ವರ್ಷಕ್ಕೆ ಮೂರು ಅವಧಿ. ಪ್ರತಿ ಅವಧಿಗೂ ಹನ್ನೆರಡು ವಾರ ಪಾಠ, ನಡುವೆ ಕಿರುಪರೀಕ್ಷೆ, ಕೊನೆಗೆ ದೊಡ್ಡದು, ಆಮೇಲೆ ಹತ್ತೇ ದಿನ ರಜೆ. ಎರಡು ವರ್ಷ ಹೀಗೆ ದಾಟಿದರೆ ಕೆಲಸ ಸಿಗುತ್ತದೆ. ಆಮೇಲೆ ಮದುವೆಯ ಮಾತು ಅವಳದೇ.

ಲಿಂಗಸುಗೂರಿನ ಸೋದರತ್ತೆ ಗ್ಯಾನಮ್ಮ ಉಳಿದ ಕಾಲೇಜುಗಳ ರಜೆಯ ಲೆಕ್ಕ ಹಿಡಿದು ಡಿಸೆಂಬರಿನಲ್ಲೊಮ್ಮೆ, ಜೂನಿನಲ್ಲೊಮ್ಮೆ ಬಂದು ಬರಿಗೈಲಿ ಹೋಗಿದ್ದಳು. ಒಮ್ಮೆ ಕಿರುಪರೀಕ್ಷೆ, ಒಮ್ಮೆ ದೊಡ್ಡ ಪರೀಕ್ಷೆ. ಈ ಸಲ ವಿಶ್ವವಿದ್ಯಾಲಯದ ವೇಳಾಪಟ್ಟಿಯನ್ನೇ ಫೋನಿಗೆ ಇಳಿಸಿಕೊಂಡು ಬಂದಳು.

“ನಿನ್ನೆ ಪರೀಕ್ಷೆ ಮುಗೀತು. ಇಪ್ಪತ್ತೊಂಬತ್ತಕ್ಕ ಕ್ಲಾಸು. ನಡುವ ಹತ್ತು ದಿನ ಖಾಲಿ. ಈಗ ಎಲ್ಲಿಗೆ ಓಡ್ತೀಬೇ? ನಾಡಿದ್ದ ಹುಡುಗನ್ನ ಕರ್ಕೊಂಡ ಬರ್ತೀನಿ.”

ಭೀಮೇಶ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ರಜೆಗೆ ಅವನ ಮಾತು ಅನ್ವಯಿಸುತ್ತಿರಲಿಲ್ಲ.

“ಹುಡುಗ ಏನ್ ಮಾಡ್ತಾನತ್ತಿ?” ಅನುಪಮಾ ಕೇಳಿದಳು.

“ವಿರೇಶ ಅಂತ, ಸಿಂಧನೂರಾಂವ. ನಿಮ್ಮ ಯೂನಿವರ್ಸಿಟ್ಯಾಗ ಮಾಸ್ತರ ಅದಾನ! ಅವರವ್ವ ಹೂಂ ಅಂದಾಳ.”

ಅನುಪಮಾ ನಗು ನುಂಗಿದಳು. “ಆ ಪಟ್ಟಿ ಇನ್ನೊಂದೀಟು ಕೆಳಗ ಸರಸು, ಅತ್ತಿ. ಮಾಸ್ತರದ್ದು ಬ್ಯಾರೆ ಐತಿ.”

ಗ್ಯಾನಮ್ಮ ಬೆರಳಾಡಿಸಿದಳು. ವಿದ್ಯಾರ್ಥಿಗಳಿಗೆ ರಜೆ ಇರುವ ಅದೇ ಹತ್ತು ದಿನ ಮಾಸ್ತರರಿಗೆ ಉತ್ತರಪತ್ರಿಕೆ ತಿದ್ದುವ ಕೆಲಸ. ಕ್ಯಾಂಪಸ್ ಬಿಡುವಂತಿಲ್ಲ.

“ಮತ್ತ ಅಂವ ಖಾಲಿ ಇರೋದು ಯಾವಾಗ?”

“ಪಾಠ ಮುಗಿದ ಮ್ಯಾಲೆ ಓದಾಕ ಒಂದು ವಾರ ಬಿಡ್ತಾರಲ್ಲ, ಆವಾಗ.”

“ಆವಾಗ ಬರ್ತೀವಿ ತಗೋ!”

ಪೇಪರಿನ ಹಿಂದಿನಿಂದ ಭೀಮೇಶ ಕೆಮ್ಮಿದ. “ಆವಾಗ ಅಕಿಗೆ ಪರೀಕ್ಷೆ ಮುಂದಿರತೈತಿ ಯಕ್ಕಾ. ಮಾತು ಕೊಟ್ಟೀನಿ.”

ಗ್ಯಾನಮ್ಮ ತಮ್ಮನನ್ನು ಒಮ್ಮೆ, ಅವನ ಮಗಳನ್ನು ಒಮ್ಮೆ ನೋಡಿದಳು. “ಈ ಮಾಸ್ತರ ಸಾವಾಸನಾ ಬ್ಯಾಡ. ಗುರುಗುಂಟಾದಾಗ ಟ್ರ್ಯಾಕ್ಟರ್ ರಿಪೇರಿ ಮಾಡಾಂವ ಒಬ್ಬ ಅದಾನ. ಅಂವಗ ಪರೀಕ್ಷಿನೂ ಇಲ್ಲ, ರಜಾನೂ ಇಲ್ಲ.”

“ರಜಾನ ಇಲ್ಲಂದ್ರ ಅಂವ ನೋಡಾಕ ಬರೋದು ಯಾವಾಗತ್ತಿ?”

ಗ್ಯಾನಮ್ಮ ಚಹಾದ ಕಪ್ಪು ಕೆಳಗಿಟ್ಟಳು. “ಲಿಂಗಸುಗೂರು ಬಸ್ ಎಷ್ಟಕ್ಕೈತಿ?”