ಹನ್ನೊಂದನೇ ಗುಂಡಿ

"ಏ ಮುದುಕಿ, ಪಾರ್ಕು ಅಂದ್ರೆ ನಿಮ್ಮಪ್ಪನ ಸಂತೆ ಅಂದ್ಕೊಂಡಿದೀಯಾ? ಇಳ್ಸು ಬುಟ್ಟಿ!"

ಗೇಟಿನ ಕಾವಲುಗಾರ ಲಾಠಿಯ ತುದಿಯಿಂದ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದ. ಬಾಳೆಎಲೆಯಲ್ಲಿ ಕಟ್ಟಿದ ಅನ್ನದ ಪೊಟ್ಟಣಗಳು ಒಂದರ ಮೇಲೊಂದು ಕೂತಿದ್ದವು.

"ಬಂದಿರೋದು ಮೂರು ಜನ, ಪೊಟ್ಟಣ ಹನ್ನೆರಡು! ಮಾರೋಕೆ ಬಂದಿದೀಯಾ?"

"ಮಾರಕ್ಕಲ್ಲ ಕಣಪ್ಪ. ನಿನ್ನೆ ಮೊಮ್ಮಗಳು ಹುಟ್ಟವ್ಳೆ. ಹುಟ್ಟಿದ ಅನ್ನ ಇದು, ಸಿಕ್ಕಿದೋರ್ಗೆ ಕೊಡಾದು," ಎಂದಳು ತುಕಿನೆಮ್.

"ಕತೆ ಹೇಳ್ಬೇಡ. ಬಿಚ್ಚು ಎಲ್ಲಾನೂ."

ಮುದುಕಿ ಕಂಕುಳಿನ ಚಾಪೆ ಸರಿಮಾಡಿಕೊಂಡು ಒಂದೊಂದೇ ಎಲೆ ಬಿಚ್ಚಿದಳು. ಅನ್ನ, ತೆಂಗಿನತುರಿ ಬೆರೆಸಿದ ಸೊಪ್ಪು, ಸೋಯಾಕಾಳು ಹುದುಗಿಸಿ ಮಾಡಿದ ಟೆಂಪೆಯ ಒಂದು ತುಂಡು, ಅರ್ಧ ಮೊಟ್ಟೆ. ಹನ್ನೆರಡರಲ್ಲೂ ಅಷ್ಟೇ. ಹಿಂದೆ ಸಾಲಿನಲ್ಲಿ ಮಗುವಿನ ತಳ್ಳುಗಾಡಿ ಹಿಡಿದಿದ್ದ ಹೆಂಗಸು ಮೂಗಿಗೆ ಕರವಸ್ತ್ರ ಒತ್ತಿಕೊಂಡಳು.

ಮುದುಕಿಯ ಮಗ ಜುಮಾದಿ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ. ತನಗಿದ್ದ ಒಂದೇ ಒಂದು ಒಳ್ಳೆಯ, ಚಿತ್ತಾರದ ಬಾತಿಕ್ ಅಂಗಿ ಹಾಕಿ, ತಲೆಗೆ ಕರಿಟೋಪಿ ಇಟ್ಟು, ಆರು ವರ್ಷದ ಮಗಳು ವುಲಾನಳ ಕೈ ಹಿಡಿದಿದ್ದ. ಇದೇ ಪಾರ್ಕಿನಲ್ಲಿ ಅವನು ಎರಡು ವರ್ಷದಿಂದ ಕೂಲಿ. ಆದರೆ ಕೂಲಿಯವರದು ಹಿಂದಿನ ಗೇಟು, ಭಾನುವಾರ ಅದಕ್ಕೆ ಬೀಗ. ಹಿಂದಿನಿಂದ ಬರುವವರ ಮುಖ ಮುಂದಿನ ಗೇಟಿನವನಿಗೆ ಹೇಗೆ ಗೊತ್ತಿರಬೇಕು? ಗೊತ್ತಿಲ್ಲದ್ದೇ ಒಳ್ಳೆಯದು ಎಂದುಕೊಂಡ ಜುಮಾದಿ.

ಕಾವಲುಗಾರ ಪೊಟ್ಟಣಗಳನ್ನು ಬಾಚಿ ತನ್ನ ಮೇಜಿನ ಮೇಲೆ ಹಾಕಿಕೊಂಡ. ಒಳಗಿದ್ದ ಇನ್ನಿಬ್ಬರು ಆಗಲೇ ತಿನ್ನತೊಡಗಿದ್ದರು. ಖಾಲಿಯಾದ ಬುಟ್ಟಿಗೆ ಲಾಠಿ ಆಡಿಸಿದಾಗ ತಳದಲ್ಲಿ ಟಕ್ ಎಂದಿತು. ಬಿಳಿ ಬಟ್ಟೆ ಸುತ್ತಿದ ಪುಟ್ಟ ಮಣ್ಣಿನ ಕುಡಿಕೆ.

"ಇದೇನಿದು?"

"ಮೂಲವ್ಯಾಧಿ ಔಸ್ದಿ," ಎಂದಳು ತುಕಿನೆಮ್, ಕಣ್ಣು ಮಿಟುಕಿಸದೆ. "ಬೇರು ಅರ್ದು ಇಟ್ಟಿವ್ನಿ. ಬಿಚ್ಲಾ? ನಿಂಗೂ ಐತೇನೋ? ಕುರ್ಚಿ ಇದ್ರೂ ನಿಂತೇ ಇದೀಯಲ್ಲ, ಅದ್ಕೇ ಕೇಳ್ದೆ."

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಅವನ ಮುಖ ಕೆಂಪಾಯಿತು.

"ಹೋಗೊಳಗೆ! ಏಯ್, ನಿಮ್ಮವ್ವನ ಬಾಯಿಗೆ ಬೀಗ ಹಾಕೋ, ನಾಯಿ!"

"ಆಯ್ತು ಸಾಹೇಬ್ರೆ," ಎಂದ ಜುಮಾದಿ. ಬೈಸಿಕೊಂಡು ನಗುವುದು ಅವನಿಗೆ ರೂಢಿಯಾಗಿತ್ತು. ನಕ್ಕ.

ಕುಡಿಕೆಯಲ್ಲಿದ್ದದ್ದು ಮಗುವಿನ ಜತೆ ಹೊರಬಂದ ಮಾಸು. ನರ್ಸು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದಳು. ಜುಮಾದಿಯೇ ಅದನ್ನು ತೊಳೆದ, ಉಪ್ಪು ಸವರಿದ, ಕುಡಿಕೆಗೆ ಹಾಕಿ ಬಟ್ಟೆ ಸುತ್ತಿ, ಗಂಟಿನಲ್ಲಿ ಹೂವಿನೆಸಳು ಇಟ್ಟ. ಹೆಣ್ಣುಮಗು ಕೈಕೆಲಸದಲ್ಲಿ ಜಾಣೆಯಾಗಲಿ ಎಂದು ಗಂಟಿಗೆ ಸೂಜಿ, ದಾರ. ಅಕ್ಷರ ಕಲಿಯಲಿ ಎಂದು ಬರೆದ ಕಾಗದದ ಚೂರು. ಅವರ ಪಾಲಿಗೆ ಅದು ಹೊಲಸಲ್ಲ, ಮಗುವಿನ ಒಡಹುಟ್ಟು. ಅಪ್ಪನಾದವನು ಮಡಿಬಟ್ಟೆ ಉಟ್ಟು ಕೊಂಡೊಯ್ದು ಮನೆಯ ಬಾಗಿಲ ಬಳಿ ಹೂಳಬೇಕು. ಕಂಡಲ್ಲಿ ಎಸೆದರೆ ಆ ಮಗು ಜೀವಮಾನವೆಲ್ಲ ನೆಲೆಯಿಲ್ಲದೆ ಅಲೆಯುತ್ತದೆ.

ಆದರೆ ಅವರ ಮನೆ ಈಗ ಎಂಟನೇ ಮಹಡಿಯಲ್ಲಿತ್ತು. ಕೆಳಗೆಲ್ಲ ಸಿಮೆಂಟು. "ಪೇಂಟ್ ಡಬ್ಬಕ್ಕೆ ಮಣ್ಣು ತುಂಬಿ ಹೂತಾಕ್ರಿ, ಎಲ್ಲಾರೂ ಹಂಗೇ ಮಾಡದು," ಎಂದಿದ್ದ ಕಟ್ಟಡದ ಮೇಸ್ತ್ರಿ. ಜುಮಾದಿಯ ಹೆಂಡತಿ, ಹಸಿ ಬಾಣಂತಿ ಲಾಸ್ಮಿ ಗೋಡೆಗೆ ಮುಖ ಮಾಡಿ ಅತ್ತಿದ್ದಳು. "ಡಬ್ಬದಲ್ಲಿ ಬ್ಯಾಡ ಕಣ್ರೀ. ಅಕ್ಕನ ಪಕ್ಕದಾಗೇ ಮಲಗ್ಸಿ."

ಅಕ್ಕ ವುಲಾನಳ ಮಾಸು, ಅವಳಿಗೂ ಮೊದಲು ಜುಮಾದಿಯದು, ಈ ಪಾರ್ಕಿನ ಹುಲ್ಲಿನಡಿಯಲ್ಲೇ ಇದ್ದವು. ಇಲ್ಲಿ ಮುನ್ನೂರು ಮನೆಯ ಕೇರಿಯಿತ್ತು. ನಗರಕ್ಕೆ ಹಸಿರು ಬೇಕೆಂದು ಮೂರು ವರ್ಷದ ಹಿಂದೆ ಬುಲ್ಡೋಜರ್ ತಂದರು. ಹಳೆಯ ನೇರಳೆ ಮರವೊಂದನ್ನು ಚೆಂದ ಕಾಣುತ್ತದೆಂದು ಉಳಿಸಿದರು. ಮನುಷ್ಯರು ಚೆಂದ ಕಾಣಲಿಲ್ಲ.

ಇವತ್ತು ದೊಡ್ಡವರ ಹೆಂಡಂದಿರು ಹನ್ನೆರಡು ಸಸಿ ನೆಡುವವರಿದ್ದರು. ಗುಂಡಿಗಳ ಜಾಗಕ್ಕೆ ಸುಣ್ಣದ ಗುರುತು ಹಾಕಿದ್ದು ಮೇಲ್ವಿಚಾರಕ ಹಂದೋಕೊ, ತೋಡಿದ್ದು ಜುಮಾದಿ. ಹನ್ನೊಂದನೆಯ ಗುರುತು ಅವರ ಹಳೆಯ ಬಾಗಿಲಿಂದ ನಾಲ್ಕು ಹೆಜ್ಜೆ ಆಚೆ ಬಿದ್ದಿತ್ತು. ಯಾರೂ ಇಲ್ಲದಾಗ ಅವನು ಸುಣ್ಣವನ್ನು ಕಾಲಿನಿಂದ ಸವರಿ ನಾಲ್ಕು ಹೆಜ್ಜೆ ಈಚೆ ತಂದಿದ್ದ. ಕುಡಿಕೆ ಇಟ್ಟು ಮೇಲೊಂದಿಷ್ಟು ಮಣ್ಣೆಳೆದರೆ ಸಾಕು. ಯಾರೋ ಪುಣ್ಯಾತ್ಗಿತ್ತಿ ಮೇಲೆ ಗಿಡ ನೆಡುತ್ತಾಳೆ, ಹೆಸರಿನ ಫಲಕ ಬೇಕಾದರೆ ಅವಳದೇ ಇರಲಿ.

"ಅಪ್ಪಾ, ನಮ್ಮನೆ ಎಲ್ಲಿತ್ತು?" ವುಲಾನ್ ಕೇಳಿದಳು.

"ಕೈ ತೋರ್ಸಬಾರ್ದು ಕಣವ್ವ. ಸುಮ್ನೆ ನಡಿ."

ತುಕಿನೆಮ್ ಮರದ ಬುಡದಿಂದ ಹೆಜ್ಜೆ ಹಾಕಿ ಗುಂಡಿಯ ಅಂಚಿಗೆ ಬಂದು ನಿಂತಳು. "ಇಲ್ಲೇ ಕಣ್ಲಾ ಹೊಸ್ಲು. ನಿಮ್ಮಪ್ಪ ಸೂಳೆಮಗ ಕುಡ್ಕಂಡು ಬಂದು ಇಲ್ಲೇ ಎಡವಿ ಬೀಳ್ತಿದ್ದ," ಎಂದವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಜುಮಾದಿ ಮಂಡಿಯೂರಿದ. ಗುಂಡಿಯೊಳಗೆ, ಹೊಸ್ತಿಲಿದ್ದ ಜಾಗದ ಎಡಕ್ಕೆ ಕುಡಿಕೆ ಇಟ್ಟ. ತುಟಿಯೊಳಗೇ ಪ್ರಾರ್ಥನೆ ಹೇಳಿ ಬೊಗಸೆಯಿಂದ ಮಣ್ಣೆಳೆದ. ಅಷ್ಟರಲ್ಲಿ ಹಿಂದೆ ಬೂಟಿನ ಸದ್ದು.

"ಏಯ್! ಏನೋ ಹೂತೆ ಅಲ್ಲಿ?"

ಹಂದೋಕೊ. ಕೈಯಲ್ಲಿ ವಾಕಿಟಾಕಿ, ಎರಡು ಬೆರಳಿಗೆ ದಪ್ಪ ಹರಳಿನುಂಗುರ, ಹಿಂದೆ ಸಲಿಕೆ ಹಿಡಿದ ಇಬ್ಬರು ಮಾಲಿಗಳು. ಬೂಟಿನ ತುದಿಯಿಂದ ಮಣ್ಣು ಕೆದಕಿದ. ಬಿಳಿ ಬಟ್ಟೆಯ ಗಂಟು, ಅದಕ್ಕೆ ಚುಚ್ಚಿದ ಸೂಜಿ, ಹೂವಿನೆಸಳು ಕಂಡವು. ಅವನು ಹಾವು ತುಳಿದವನಂತೆ ಹಿಂದಕ್ಕೆ ನೆಗೆದ.

"ಮಾಟ! ಮೇಯರ್ ಹೆಂಡ್ತಿ ನೆಡೋ ಗುಂಡಿಗೆ ಮಾಟ ಮಾಡಿದಾರೆ ಬೋಳಿಮಕ್ಳು! ತೆಗೀರೋ ಅದನ್ನ!"

ಮಾಲಿಗಳು ಅಲ್ಲಾಡಲಿಲ್ಲ. ತುಕಿನೆಮ್ ಅವರ ಮುಖ ನೋಡಿದಳು, ಹಂದೋಕೊನ ಮುಖ ನೋಡಿದಳು. ಎಲ್ಲರಲ್ಲೂ ಹೆದರಿಕೆ ಕಂಡಳು; ಅವಳಿಗೆ ಅಷ್ಟು ಸಾಕಾಯಿತು.

"ಹೂಂ ಕಣೋ, ಮಾಟಾನೇ! ಮುಟ್ಟಿದೋನ ಕೈ ಕೊಳ್ತೋಗ್ಲಿ! ಅವ್ನ ಹೊಟ್ಟೆ ಊದ್ಕಳ್ಲಿ! ಬಾ, ಧೈರ್ಯ ಇದ್ರೆ ಮುಟ್ಟು ಬಾ!"

ಮಾಲಿಗಳು ಸಲಿಕೆ ಬಿಸುಟು ಓಡಿದರು. ಹಂದೋಕೊ ಜೇಬಿನಿಂದ ಫೋನು ತೆಗೆದ. "ಪೋಲೀಸ್ರನ್ನ ಕರೀತೀನಿ. ಮೂರೂ ಜನ ಒಳಗೆ ಕೊಳೀರಿ."

"ಅಲ್ಲ ಸಾಹೇಬ್ರೆ," ಎಂದ ಜುಮಾದಿ. "ಮಾಟ ಅಲ್ಲ. ನನ್ ಮಗಳ ಮಾಸು. ನಿನ್ನೆ ಹುಟ್ತು. ಇದು ನಮ್ ಮನೆ ಬಾಗ್ಲು, ಅದ್ಕೇ..."

ಹಂದೋಕೊ ಅವನನ್ನು ಈಗ ಸರಿಯಾಗಿ ನೋಡಿದ. ಅಂಗಿ ಟೋಪಿಗಳೊಳಗೆ ತನ್ನ ಕೂಲಿಯಾಳು ಕಂಡ. ಹೋದ ಉಸಿರು ಬಂದು ಜೋರಾಗಿ ನಕ್ಕ. ನಗು ನಿಂತ ಮೇಲೆ ಉಗಿದ.

"ಥೂ! ಮೇಡಂ ಕೈ ಹಾಕೋ ಗುಂಡೀಲಿ ನಿನ್ ಹೆಂಡ್ತಿ ಹೊಲಸು! ಮನೆ ಬಾಗ್ಲಂತೆ! ಇಲ್ಲಿ ಮನೆ ಇತ್ತು ಅಂತ ಯಾವ ಕಾಗದದಲ್ಲಿದೆಯೋ? ತೋರ್ಸು!"

ಹಂದೋಕೊ ಗುಂಡಿಯತ್ತ ಬೆರಳು ತೋರಿದ.

"ನೀನೇ ತೋಡಿದ ಗುಂಡಿ, ನೀನೇ ತೆಗಿ. ಅಕೋ ಕಸದ ಲಾರಿ ನಿಂತಿದೆ, ಹಾಕ್ಬಿಟ್ಟು ಬಾ. ಐದು ನಿಮಿಷ ಟೈಮು. ಇಲ್ಲಾಂದ್ರೆ ನಾಳೆಯಿಂದ ಹಿಂದಿನ ಗೇಟಲ್ಲೂ ಮುಖ ತೋರಿಸ್ಬೇಡ."

ಗೇಟಿನ ಕಡೆ ಬ್ಯಾಂಡು ಶುರುವಾಯಿತು. ವಾಕಿಟಾಕಿ ಕರಕರ ಅಂದಿತು: ಬಂದ್ರು, ಬಂದ್ರು.

ಜುಮಾದಿ ಬಗ್ಗಿ ಸಲಿಕೆ ಎತ್ತಿಕೊಂಡ. ವುಲಾನ್ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಬ್ಯಾಡ ಕಣ್ಲಾ ಮಗ, ಬ್ಯಾಡ," ಎಂದಳು ತುಕಿನೆಮ್. ಅಷ್ಟು ಹೊತ್ತು ಗುಡುಗಿದವಳ ದನಿ ಈಗ ಸಣ್ಣಗಾಗಿತ್ತು.

ಅವನು ಅಂಚಿನ ಮಣ್ಣಿನ ರಾಶಿಗೆ ಸಲಿಕೆ ಚುಚ್ಚಿದ. ತುಂಬಿ ಗುಂಡಿಯೊಳಗೆ ಹಾಕಿದ. ಮತ್ತೆ ಚುಚ್ಚಿದ, ಮತ್ತೆ ಹಾಕಿದ. ಬಿಳಿ ಗಂಟು ಮುಚ್ಚಿತು, ಗುಂಡಿ ಅರ್ಧವಾಯಿತು.

"ಏಯ್! ತೆಗಿ ಅಂದ್ರೆ ಮುಚ್ತೀಯೇನೋ! ಕಿವಿ ಕೆಟ್ಟಿದೆಯಾ? ನಿಲ್ಸೋ ಸೂಳೆಮಗನೆ!" ಹಂದೋಕೊ ಅವನ ಅಂಗಿಯ ಕೊರಳು ಹಿಡಿದು ಎಳೆದ. ಬಾತಿಕ್ ಅಂಗಿ ಬೆನ್ನಿನವರೆಗೆ ಪರ್ರನೆ ಹರಿಯಿತು. ಜುಮಾದಿ ಬೈಗುಳಕ್ಕೆ ನಗಲಿಲ್ಲ, ತಿರುಗಿಯೂ ನೋಡಲಿಲ್ಲ. ನೆಲ ಸಮವಾಗುವವರೆಗೂ ತುಂಬಿದ. ಆಮೇಲೆ ಕೂತು, ಮಗುವಿನ ಬೆನ್ನು ತಟ್ಟುವಂತೆ ಎರಡೂ ಅಂಗೈಯಿಂದ ಮಣ್ಣು ತಟ್ಟಿದ.

ತುಕಿನೆಮ್ ಕಂಕುಳಲ್ಲಿದ್ದ ಚಾಪೆ ಬಿಚ್ಚಿ ಅದರ ಮೇಲೇ ಹಾಸಿದಳು. ಕಾಲು ಮಡಿಚಿ ಕೂತಳು. ವುಲಾನಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

"ಎದ್ದೇಳು ಮುದುಕಿ!"

"ಯಾಕೆ? ಪಾರ್ಕ್ ನೋಡಕ್ ಬಂದಿವಿ. ಭಾನ್ವಾರ ಅಲ್ವಾ?"

ಜುಮಾದಿಯೂ ಹರಿದ ಅಂಗಿಯಲ್ಲೇ ಅವರ ಪಕ್ಕಕ್ಕೆ ಕೂತ. ಸಲಿಕೆಯನ್ನು ಕೈಬಿಡದೆ ಮಂಡಿಗಳ ಮೇಲೆ ಅಡ್ಡ ಇಟ್ಟುಕೊಂಡ.

ಹುಲ್ಲಿನ ಆ ತುದಿಯಿಂದ ಕೊಡೆಗಳ ಸಾಲು ಇತ್ತ ಬರುತ್ತಿತ್ತು. ಫೋಟೋದವರು ಹಿಮ್ಮುಖವಾಗಿ ನಡೆಯುತ್ತಿದ್ದರು. ಅವರ ಹಿಂದೆ ಆರು ಜನ ಪೋಲೀಸರು, ನಡುವೆ ಒಬ್ಬ ಹೆಂಗಸು. ಕೈಗೆ ಮಣ್ಣಾಗದಿರಲೆಂದು ಅವಳಿಗೆ ಆಗಲೇ ಬಿಳಿಯ ಗವಸು ತೊಡಿಸಿದ್ದರು.